ಕಂಡವರು ಸಾವಿರಾರು, ಬರೆದಿಟ್ಟವರು ಬೆರಳೆಣಿಕೆ: ಉತ್ತರ ಕನ್ನಡದ ಕಡಲ ಜೀವಿಗಳ ದಾಖಲೆಯ ಕಥೆ

ಮುರ್ಡೇಶ್ವರದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಆಕಾಶ ತಿಳಿಯಾಗಿದ್ದರೆ ಕಡಲ ನಡುವೆ ಒಂದು ಗುಡ್ಡ ಕಾಣುತ್ತದೆ. ಅದೇ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರ್ ದೂರ. ಈಗ ಅಲ್ಲಿಗೆ ಸ್ಕೂಬಾ ಡೈವಿಂಗ್ ಮಾಡುವವರು ಹೋಗುತ್ತಾರೆ. ಬ್ರಿಟಿಷರ ಕಾಲದ ನಕ್ಷೆ ತೆಗೆದರೆ ಅಲ್ಲಿ ನೇತ್ರಾಣಿ ಎಂದು ಇರುವುದಿಲ್ಲ. ‘ಪಿಜನ್ ಐಲ್ಯಾಂಡ್’ ಎಂದು ಇರುತ್ತದೆ. ಅಂದರೆ ಪಾರಿವಾಳದ ದ್ವೀಪ.

ಈ ಹೆಸರೇ ಒಂದು ದಾಖಲೆ. ಹಿಂದೆಂದೋ ಹಡಗಿನಲ್ಲಿ ಹೋದವರು ಅಲ್ಲಿ ಪಾರಿವಾಳಗಳನ್ನು ಕಂಡರು, ಕಂಡದ್ದನ್ನು ನಕ್ಷೆಗೆ ಹಾಕಿದರು. ಅದು ಇಂದಿಗೂ ಉಳಿದಿದೆ. ಅದೇ ದ್ವೀಪದ ಸುತ್ತ ತಲೆಮಾರುಗಳಿಂದ ಬಲೆ ಬೀಸುತ್ತ ಬಂದ ನಮ್ಮ ಮೊಗೇರರು, ಖಾರ್ವಿಗಳು, ಹರಿಕಂತ್ರರು ಕಂಡದ್ದು ಇದಕ್ಕಿಂತ ನೂರು ಪಟ್ಟು ಹೆಚ್ಚು. ಆದರೆ ಅದು ಯಾವ ನಕ್ಷೆಯಲ್ಲೂ ಇಲ್ಲ, ಯಾವ ಪುಸ್ತಕದಲ್ಲೂ ಇಲ್ಲ.

ಕಾರವಾರದ ಮಾಜಾಳಿಯಿಂದ ಭಟ್ಕಳದವರೆಗೆ ಸುಮಾರು 140 ಕಿಲೋಮೀಟರ್ ಉದ್ದದ ಕಡಲ ದಡ ನಮ್ಮದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ ನದಿಗಳು ಇಲ್ಲಿ ಕಡಲು ಸೇರುತ್ತವೆ. ಈ ದಡದಲ್ಲಿ ಯಾವ ಜೀವಿ ಕಂಡಿತು, ಯಾರಿಗೆ ಕಂಡಿತು, ಯಾರು ಬರೆದರು ಎಂಬುದಕ್ಕೆ ಇನ್ನೂರು ವರ್ಷಗಳ ಕಥೆ ಇದೆ. ಈ ಹಳೆಯ ಕಥೆಯಿಂದ ನಮಗೇನು ಲಾಭ ಎಂದು ನೀವು ಕೇಳಬಹುದು. ಲಾಭ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಸುಣ್ಣದ ಲೆಕ್ಕದಲ್ಲಿ ಸಿಕ್ಕ ಹವಳ

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕನ್ನಡ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಹೊಸದಾಗಿ ಸಿಕ್ಕ ಸೀಮೆಯಲ್ಲಿ ಏನೇನಿದೆ ಎಂದು ತಿಳಿಯಲು ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿದರು. ಆತ 1800ರಲ್ಲಿ ಮದರಾಸಿನಿಂದ ಹೊರಟು, ಮೈಸೂರು ಸೀಮೆ, ಮಲಬಾರು ಸುತ್ತಿ 1801ರಲ್ಲಿ ನಮ್ಮ ಕರಾವಳಿಗೆ ಬಂದ. ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲಾ ದಾರಿಯಲ್ಲಿ ಸಾಗಿದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

ಬುಕಾನನ್ ಬಂದದ್ದು ಹಕ್ಕಿ ನೋಡಲು ಅಲ್ಲ. ಭತ್ತ ಎಷ್ಟು, ತೆಂಗು ಎಷ್ಟು, ಕಾಳುಮೆಣಸು ಎಷ್ಟು, ತೆರಿಗೆ ಎಷ್ಟು ಸಿಗುತ್ತದೆ ಎಂದು ನೋಡಲು. ಆದರೂ ನೇತ್ರಾಣಿಯ ಬಗ್ಗೆ ನಾಲ್ಕು ಮಾತು ಬರೆದ. ಅಲ್ಲಿ ಕಾಡು ಪಾರಿವಾಳಗಳಿವೆ, ಸುಣ್ಣ ಸುಡುವುದಕ್ಕೆ ಬೇಕಾದ ಹವಳವನ್ನು ದೋಣಿಗಳು ಅಲ್ಲಿಂದ ತರುತ್ತವೆ, ದಡದ ಜನ ಅಲ್ಲಿನ ಭೂತಕ್ಕೆ ಹರಕೆ ಸಲ್ಲಿಸುತ್ತಾರೆ ಎಂಬುದು ಅದರ ತಾತ್ಪರ್ಯ.

ಇದರಲ್ಲಿ ಹವಳದ ಮಾತು ಮುಖ್ಯ. ನೇತ್ರಾಣಿಯ ಸುತ್ತ ಹವಳ ಇದೆ ಎಂದು ಇವತ್ತು ಪ್ರವಾಸಿಗರಿಗೆ ಹೊಸ ಸುದ್ದಿಯಂತೆ ಹೇಳುತ್ತಾರೆ. ಅದು ನಮ್ಮ ದೋಣಿಯವರಿಗೆ ಇನ್ನೂರು ವರ್ಷಗಳ ಹಿಂದೆಯೇ ಗೊತ್ತಿತ್ತು. ಅವರು ಅದನ್ನು ತಂದು ಸುಟ್ಟು ಸುಣ್ಣ ಮಾಡುತ್ತಿದ್ದರು. ಸುಣ್ಣದ ಲೆಕ್ಕ ಬರೆಯಲು ಬಂದವನೊಬ್ಬ ಬರೆದದ್ದರಿಂದ ಹವಳದ ದಾಖಲೆ ಉಳಿಯಿತು. ಹವಳ ಹೇರಿಕೊಂಡು ಬಂದ ದೋಣಿಯವನ ಹೆಸರು ಮಾತ್ರ ಉಳಿಯಲಿಲ್ಲ.

ಮದರಾಸಿನಿಂದ ಬಂದವರು, ಬೊಂಬಾಯಿಯಿಂದ ಬಂದವರು

ನಮ್ಮ ಜಿಲ್ಲೆ ಮೊದಲು ಮದರಾಸು ಪ್ರಾಂತ್ಯದಲ್ಲಿತ್ತು. 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆದ್ದರಿಂದ ಈ ದಡದ ಹಳೆಯ ಮಾಹಿತಿ ಒಂದೇ ಕಡೆ ಸಿಗುವುದಿಲ್ಲ. ಒಂದಷ್ಟು ಮದರಾಸಿನ ಅಧಿಕಾರಿಗಳ ಬರಹದಲ್ಲಿದೆ, ಒಂದಷ್ಟು ಬೊಂಬಾಯಿಯವರ ಬರಹದಲ್ಲಿದೆ. ಎರಡೂ ಇಂಗ್ಲಿಷಿನಲ್ಲಿದೆ.

ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಟಿ.ಸಿ. ಜರ್ಡನ್ ಹಕ್ಕಿಗಳ ಹುಚ್ಚು ಹಿಡಿಸಿಕೊಂಡವನು. 1862ರಿಂದ 1864ರವರೆಗೆ ಹೊರಬಂದ ಅವನ ಭಾರತದ ಹಕ್ಕಿಗಳ ಪುಸ್ತಕದಲ್ಲಿ ನೇತ್ರಾಣಿ ಬರುತ್ತದೆ. ಗುಹೆಯ ಗೋಡೆಗೆ ಜೊಲ್ಲಿನಿಂದ ಗೂಡು ಅಂಟಿಸುವ ಪುಟ್ಟ ಬಾನಾಡಿ ಹಕ್ಕಿ ಅಲ್ಲಿದೆ ಎಂದು ಆತ ಬರೆದ.

ಅವನ ನಂತರ ಬಂದವನು ಎ.ಒ. ಹ್ಯೂಮ್. ಈ ಹೆಸರನ್ನು ನೀವು ಶಾಲೆಯಲ್ಲಿ ಓದಿದ್ದೀರಿ. 1885ರಲ್ಲಿ ಕಾಂಗ್ರೆಸ್ ಹುಟ್ಟಲು ಮುಂದೆ ನಿಂತ ಅದೇ ಹ್ಯೂಮ್. ಅದಕ್ಕೂ ಹತ್ತು ವರ್ಷ ಮೊದಲು, 1875ರಲ್ಲಿ, ಆತ ಹಕ್ಕಿಗಳನ್ನು ಹುಡುಕುತ್ತ ಹಡಗಿನಲ್ಲಿ ಪಶ್ಚಿಮ ಕರಾವಳಿ ಮತ್ತು ಲಕ್ಷದ್ವೀಪದ ಕಡೆ ಬಂದಿದ್ದ. ನೇತ್ರಾಣಿಯ ಮರಗಳಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟಿರುವುದನ್ನು ಆ ಕಾಲದ ಬರಹಗಳು ಹೇಳುತ್ತವೆ. ಈ ಹದ್ದು ಸಾಮಾನ್ಯವಾಗಿ ಒಂಟಿ ಜೋಡಿಯಾಗಿ ಬದುಕುವ ಹಕ್ಕಿ. ಒಂದು ಜೋಡಿ ಇರುವ ಜಾಗಕ್ಕೆ ಇನ್ನೊಂದನ್ನು ಬಿಡುವುದಿಲ್ಲ. ನೇತ್ರಾಣಿಯಲ್ಲಿ ಮಾತ್ರ ಒಂದೇ ದ್ವೀಪದಲ್ಲಿ ಹಲವು ಗೂಡುಗಳು. ಹಕ್ಕಿ ಬಲ್ಲವರ ಬಾಯಲ್ಲಿ ನೇತ್ರಾಣಿಯ ಹೆಸರು ಉಳಿದದ್ದು ಇದರಿಂದ.

ಇವರನ್ನು ದೇವರು ಮಾಡಬೇಕಾಗಿಲ್ಲ. ಆ ಕಾಲದಲ್ಲಿ ಹಕ್ಕಿ ನೋಡುವುದು ಎಂದರೆ ಗುಂಡು ಹೊಡೆದು, ಚರ್ಮ ಸುಲಿದು, ಅಳತೆ ಬರೆದು ಪೆಟ್ಟಿಗೆಗೆ ಹಾಕುವುದು. ಆದರೆ ಅವರು ಒಂದು ಕೆಲಸ ತಪ್ಪದೆ ಮಾಡಿದರು. ಯಾವ ದಿನ, ಯಾವ ಜಾಗ, ಎಷ್ಟು, ಎಂದು ಬರೆದರು.

ಬರೆದದ್ದೂ ಕಳೆದುಹೋಗುತ್ತದೆ ಎಂಬುದಕ್ಕೆ ಹ್ಯೂಮನೇ ಉದಾಹರಣೆ. ವರ್ಷಗಟ್ಟಲೆ ಕೂಡಿಟ್ಟ ಅವನ ಟಿಪ್ಪಣಿಗಳ ದೊಡ್ಡ ಕಂತೆಯನ್ನು ಶಿಮ್ಲಾದ ಮನೆಯಲ್ಲಿ ಕೆಲಸಕ್ಕಿದ್ದವನೊಬ್ಬ ಪೇಟೆಯಲ್ಲಿ ರದ್ದಿ ಕಾಗದದ ಲೆಕ್ಕಕ್ಕೆ ಮಾರಿಬಿಟ್ಟ. ಹ್ಯೂಮ್ ಮನಸ್ಸು ಮುರಿದು ಹಕ್ಕಿಗಳ ಕೆಲಸವನ್ನೇ ಬಿಟ್ಟ. ಆದರೆ ಅಚ್ಚಾಗಿ ಹೊರಗೆ ಹೋಗಿದ್ದ ಬರಹಗಳು ಉಳಿದವು. ಒಂದೇ ಕಡೆ ಇಟ್ಟ ದಾಖಲೆ ದಾಖಲೆಯಲ್ಲ ಎಂಬ ಪಾಠ ಅದು.

ಬೊಂಬಾಯಿ ಕಡೆಯಿಂದ ಬಂದವರಲ್ಲಿ ಇ.ಎಚ್. ಏಟ್ಕನ್ ಮುಖ್ಯ. ಉಪ್ಪು ಮತ್ತು ಸುಂಕದ ಇಲಾಖೆಯ ಅಧಿಕಾರಿ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬ. ಕಾರವಾರದ ಸುತ್ತಲಿನ ಕಾಡು ಮತ್ತು ಕಡಲಂಚಿನ ಜೀವಿಗಳ ಬಗ್ಗೆ ಅವನು ಬರೆದ ತಮಾಷೆಯ ಲೇಖನಗಳು 1894ರಲ್ಲಿ ಪುಸ್ತಕವಾದವು. ಅರಣ್ಯ ಇಲಾಖೆಯ ಟಿ.ಆರ್. ಬೆಲ್ ಇಲ್ಲಿನ ಚಿಟ್ಟೆಗಳನ್ನು ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸಾಕಿ ನೋಡಿ ಬರೆದ. ನಿವೃತ್ತಿಯಾದ ಮೇಲೂ ಊರಿಗೆ ಹೋಗದೆ ಕಾರವಾರದಲ್ಲೇ ಉಳಿದ. ಚಿಟ್ಟೆಯ ಮಟ್ಟಿಗೆ ನಮ್ಮ ಜಿಲ್ಲೆಯ ಹಳೆಯ ಮಾಹಿತಿ ಇಷ್ಟು ಚೆನ್ನಾಗಿ ಇರುವುದು ಇವರಿಂದ. ಆದರೆ ಇವರ ಕಣ್ಣು ಹೆಚ್ಚಾಗಿ ಇದ್ದದ್ದು ಕಾಡಿನ ಕಡೆ. ಕಡಲಿನ ಕಡೆ ಬೆನ್ನು.

ಸೀಸದ ಬಣ್ಣದ ಡಾಲ್ಫಿನ್

ಕಡಲಿನ ಕಡೆ ನೋಡಿದವರು ಇಲ್ಲವೇ ಇಲ್ಲ ಎಂದಲ್ಲ. ಫ್ರಾನ್ಸಿನ ಜೀನ್-ಜಾಕ್ ಡ್ಯೂಸುಮಿಯೇ ಎಂಬ ವ್ಯಾಪಾರಿ ಹಡಗಿನಲ್ಲಿ ಊರೂರು ಸುತ್ತುವಾಗ ಮೀನು, ಹಕ್ಕಿ, ಪ್ರಾಣಿಗಳನ್ನು ಕೂಡಿಸಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯಕ್ಕೆ ಕೊಡುತ್ತಿದ್ದ. ಮಲಬಾರ್ ಕರಾವಳಿಯಿಂದ ಅವನು ಕೊಟ್ಟ ಒಂದು ಡಾಲ್ಫಿನ್‌ಗೆ ಕುವಿಯೇ ಎಂಬ ವಿಜ್ಞಾನಿ 1829ರಲ್ಲಿ ಹೆಸರಿಟ್ಟ. ಆ ಹೆಸರಿನ ಅರ್ಥ ‘ಸೀಸದ ಬಣ್ಣದ್ದು’.

ಅದು ಬೇರೆ ಯಾವುದೋ ದೂರದ ಪ್ರಾಣಿಯಲ್ಲ. ಕಾರವಾರದ ಕಾಳಿ ಅಳಿವೆ, ದೇವಬಾಗ, ಕುರುಮಗಡದ ಹತ್ತಿರ ಬೆನ್ನ ಮೇಲೆ ಗೂನು ಇರುವ ಬೂದು ಬಣ್ಣದ ಡಾಲ್ಫಿನ್ ಏಳುತ್ತ ಮುಳುಗುತ್ತ ಹೋಗುವುದನ್ನು ನೀವು ನೋಡಿದ್ದರೆ, ಅದೇ ಇದು. ಇದು ಆಳದ ಕಡಲಿಗೆ ಹೆಚ್ಚು ಹೋಗುವುದಿಲ್ಲ. ದಡದ ಹತ್ತಿರ, ನದಿ ಕಡಲು ಸೇರುವ ಕಡೆ, ಆಳವಿಲ್ಲದ ನೀರಿನಲ್ಲೇ ಇದರ ಬದುಕು. ಅಂದರೆ ನಾವು ಬಲೆ ಹಾಕುವ, ಬಂದರು ಕಟ್ಟುವ, ಕೊಳಚೆ ಬಿಡುವ ಜಾಗವೇ ಇದರ ಮನೆ. ಇಂದು ಇದು ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ.

ಹೆಸರು ಇಟ್ಟು ಸುಮಾರು ಇನ್ನೂರು ವರ್ಷವಾಯಿತು. ಅಂದು ನಮ್ಮ ಅಳಿವೆಗಳಲ್ಲಿ ಇವು ಎಷ್ಟಿದ್ದವು ಎಂದು ಯಾರೂ ಎಣಿಸಿಡಲಿಲ್ಲ. ಹಾಗಾಗಿ ಇಂದು ಎಷ್ಟು ಕಡಿಮೆಯಾಗಿವೆ ಎಂದು ಹೇಳಲು ಅಳತೆಗೋಲೇ ಇಲ್ಲ.

ರಂಪಣಿ ಹೋಯಿತು, ದಡದ ಕಣ್ಣೂ ಹೋಯಿತು

ಕಡಲನ್ನು ದಿನಾ ನೋಡುತ್ತಿದ್ದವರು ಇದ್ದರು. ಅವರು ರಂಪಣಿಯವರು. ಊರಿನ ಹಿರಿಯರನ್ನು ಕೇಳಿ, ರಂಪಣಿ ಬಲೆಯ ಬಗ್ಗೆ ಅರ್ಧ ದಿನ ಹೇಳುತ್ತಾರೆ. ದಡದಿಂದ ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧಚಂದ್ರದಂತೆ ಹಾಸಿ, ಎರಡೂ ತುದಿಯನ್ನು ದಡದ ಮೇಲೆ ನಿಂತ ಹತ್ತಾರು ಜನ ಎಳೆಯುತ್ತಿದ್ದರು. ಬಂಗುಡೆ, ತಾರ್ಲೆಯ ರಾಶಿ ಬೀಳುತ್ತಿತ್ತು. ಬಂದ ಮೀನು ಪಾಲಾಗುತ್ತಿತ್ತು.

ರಂಪಣಿಯ ಕೆಲಸದಲ್ಲಿ ಎಳೆಯುವುದಕ್ಕಿಂತ ಮೊದಲು ನೋಡುವುದಿತ್ತು. ಮೀನಿನ ಹಿಂಡು ಎಲ್ಲಿದೆ ಎಂದು ದಡದಲ್ಲಿ ನಿಂತೇ ತಿಳಿಯಬೇಕು. ನೀರಿನ ಬಣ್ಣ ಬದಲಾದದ್ದು, ಹಕ್ಕಿಗಳು ಮುಗಿಬಿದ್ದದ್ದು, ಡಾಲ್ಫಿನ್ ತಿರುಗಿದ ದಿಕ್ಕು, ಎಲ್ಲವೂ ಗುರುತು. ಈ ನೋಟದ ಮೇಲೆ ಇಡೀ ಕೇರಿಯ ಊಟ ನಿಂತಿತ್ತು. ಯಾವ ತಿಂಗಳು ಯಾವ ಹಕ್ಕಿ ಬರುತ್ತದೆ, ಆಮೆ ಯಾವ ದಡ ಹತ್ತುತ್ತದೆ ಎಂಬುದು ಅವರಿಗೆ ಪಂಚಾಂಗದಷ್ಟೇ ಪಾಠವಾಗಿತ್ತು.

1970ರ ದಶಕದ ಕೊನೆಗೆ ಪರ್ಸಿನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಹಿಂಡನ್ನು ಕಡಲಲ್ಲೇ ಸುತ್ತುವರಿದು ಎತ್ತಿದವು. ರಂಪಣಿ ಕೆಲವೇ ವರ್ಷಗಳಲ್ಲಿ ಸೋತಿತು. ಆಗ ಹೋದದ್ದು ಒಂದು ಬಲೆ, ಒಂದು ದುಡಿಮೆ ಎಂದು ಎಲ್ಲರೂ ಬರೆದಿದ್ದಾರೆ. ನಮಗೆ ಕಾಣುವುದು ಇನ್ನೊಂದು ನಷ್ಟ. ದಡದಲ್ಲಿ ನಿಂತು ಕಡಲನ್ನು ಓದುವವರ ಸಾಲು ಅಲ್ಲಿಗೆ ಮುಗಿಯಿತು. ಈಗ ಮೀನು ಹುಡುಕುವುದು ಯಂತ್ರ. ಆ ಯಂತ್ರಕ್ಕೆ ಮೀನು ಬೇಕು, ಹಕ್ಕಿ ಬೇಕಾಗಿಲ್ಲ.

ಸತ್ತು ಬಂದಾಗ ಮಾತ್ರ ಸುದ್ದಿ

ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಕೇಂದ್ರ ಸರ್ಕಾರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತೆರೆಯಿತು. ಅದರ ಕೇಂದ್ರ ಕಾರವಾರದಲ್ಲೂ ಇದೆ. ಅದರ ಮುಖ್ಯ ಕೆಲಸ ಮೀನಿನದು. ಆದರೆ ತಿಮಿಂಗಿಲವೋ, ತಿಮಿಂಗಿಲ ಶಾರ್ಕೋ, ಆಮೆಯೋ ದಡಕ್ಕೆ ಬಂದಾಗ ಅಲ್ಲಿನವರು ಸಣ್ಣ ಟಿಪ್ಪಣಿ ಬರೆಯುತ್ತ ಬಂದರು. ದಿನಾಂಕ, ಜಾಗ, ಉದ್ದ, ಗಂಡೋ ಹೆಣ್ಣೋ, ಗಾಯವಿದೆಯೋ. ಒಂದು ಪುಟ ಅಷ್ಟೇ. ಆದರೆ ಒಂದು ಪುಟಕ್ಕೆ ಎಷ್ಟು ಬೆಲೆ ಎಂದರೆ, ಐವತ್ತು ವರ್ಷದ ನಂತರ ಓದಿದವನಿಗೂ ಉಪಯೋಗವಾಗುತ್ತದೆ.

ಅದೇ ಘಟನೆ ಊರಿನ ಸುದ್ದಿಯಲ್ಲಿ ಹೇಗೆ ಬರುತ್ತದೆ ನೋಡಿ. ‘ಬೃಹತ್ ಗಾತ್ರದ ತಿಮಿಂಗಿಲ ಪತ್ತೆ, ನೋಡಲು ಮುಗಿಬಿದ್ದ ಜನ.’ ಉದ್ದ ಇಲ್ಲ, ಜಾತಿ ಇಲ್ಲ. ವಾಟ್ಸಾಪಿನಲ್ಲಿ ಫೋಟೋ ಹರಿದಾಡುತ್ತದೆ, ಅದು ಯಾವ ಊರು, ಯಾವ ವರ್ಷದ್ದು ಎಂಬುದೂ ಇರುವುದಿಲ್ಲ. ಬದುಕಿರುವ ಜೀವಿಯಂತೂ ಸುದ್ದಿಯೇ ಅಲ್ಲ. ಅಘನಾಶಿನಿಯ ಕಾಂಡ್ಲಾ ಗಿಡಗಳ ನಡುವೆ ನೀರುನಾಯಿಗಳು ಸಂಸಾರ ಸಮೇತ ಈಜಿದರೆ ಅದನ್ನು ಕಾಣುವವರು ಬಳಚು ಹೆಕ್ಕುವ ಹೆಂಗಸರು ಮಾತ್ರ.

ಕಾನೂನು ಕೇಳುವುದು ಕಾಗದ

ಈಗ ಲಾಭದ ಮಾತಿಗೆ ಬರೋಣ.

ಕಡಲಾಮೆಯನ್ನೇ ತೆಗೆದುಕೊಳ್ಳಿ. ನಮ್ಮ ದಡಕ್ಕೆ ಹೆಚ್ಚಾಗಿ ಬರುವುದು ಆಲಿವ್ ರಿಡ್ಲೆ ಆಮೆ. ಮಳೆಗಾಲ ಮುಗಿದು ಚಳಿ ಶುರುವಾದ ಮೇಲೆ ರಾತ್ರಿ ಹೊತ್ತು ದಡ ಹತ್ತಿ, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತದೆ. 45ರಿಂದ 60 ದಿನಕ್ಕೆ ಮರಿ. ಹಿಂದೆ ಆ ಮೊಟ್ಟೆ ತೆಗೆದು ತಿನ್ನುವುದೂ ಇತ್ತು, ಬಲೆಗೆ ಬಿದ್ದ ಆಮೆಯನ್ನು ಕೂರ್ಮಾವತಾರವೆಂದು ಕೈಮುಗಿದು ಬಿಡುವುದೂ ಇತ್ತು. ಎರಡೂ ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಕಡಲಾಮೆಗೆ ಹುಲಿಗೆ ಇರುವಷ್ಟೇ ರಕ್ಷಣೆ ಇದೆ. 2001ರಲ್ಲಿ ತಿಮಿಂಗಿಲ ಶಾರ್ಕ್ ಕೂಡ ಆ ಪಟ್ಟಿಗೆ ಸೇರಿತು. ಈಗ ಅರಣ್ಯ ಇಲಾಖೆಯವರು ಊರವರ ಸಹಾಯದಿಂದ ಗೂಡಿನ ಸುತ್ತ ಬೇಲಿ ಹಾಕುತ್ತಾರೆ.

ಇನ್ನೊಂದು ಕಾನೂನಿದೆ, ಅದನ್ನು ಕಡಲ ದಡದವರು ತಿಳಿದಿರಲೇಬೇಕು. ಕರಾವಳಿ ನಿಯಂತ್ರಣ ವಲಯದ ನಿಯಮ, ನಾವೆಲ್ಲ ಸಿಆರ್‌ಝಡ್ ಎನ್ನುವುದು. ಮೊದಲು ಬಂದದ್ದು 1991ರಲ್ಲಿ. 2011ರಲ್ಲಿ ಮತ್ತು 2019ರಲ್ಲಿ ಬದಲಾಯಿತು. ಇದರ ಪ್ರಕಾರ ಆಮೆ ಮೊಟ್ಟೆ ಇಡುವ ದಡ, ಹಕ್ಕಿ ಗೂಡು ಕಟ್ಟುವ ಜಾಗ, ಕಾಂಡ್ಲಾ ಕಾಡು, ಹವಳ ಇರುವ ಕಡೆ ಎಲ್ಲವೂ ಅತಿ ಸೂಕ್ಷ್ಮ ವಲಯಕ್ಕೆ ಸೇರುತ್ತವೆ. ಅಲ್ಲಿ ಕಟ್ಟುವುದಕ್ಕೆ ನಿರ್ಬಂಧ ಅತಿ ಹೆಚ್ಚು.

ಹಾಗಾದರೆ ಒಂದು ದಡ ‘ಆಮೆ ಮೊಟ್ಟೆ ಇಡುವ ದಡ’ ಎಂದು ತೀರ್ಮಾನ ಆಗುವುದು ಹೇಗೆ? ನಕ್ಷೆಯಿಂದ. ನಕ್ಷೆ ಮಾಡುವುದು ಹೇಗೆ? ದಾಖಲೆಯಿಂದ. ‘ನಮ್ಮ ಅಜ್ಜನ ಕಾಲದಿಂದಲೂ ಆಮೆ ಬರುತ್ತದೆ’ ಎಂಬ ಮಾತು ಸತ್ಯವೇ ಇರಬಹುದು, ಆದರೆ ಕಡತದಲ್ಲಿ ಅದಕ್ಕೆ ಜಾಗವಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರು ಯೋಜನೆಯ ಬಗ್ಗೆ ಜಗಳ ಎದ್ದಾಗ ಅಲ್ಲಿ ಆಮೆ ಮೊಟ್ಟೆ ಇಡುತ್ತದೆಯೇ ಎಂಬುದೂ ಒಂದು ದೊಡ್ಡ ಪ್ರಶ್ನೆಯಾಯಿತು. ಯೋಜನೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆದರೆ ಆ ಚರ್ಚೆಗೆ ಹೋಗುವಾಗ ಕೈಯಲ್ಲಿ ತಾರೀಕು ಇದ್ದವರ ಮಾತು ಒಂದು ತೂಕ, ಇಲ್ಲದವರ ಮಾತು ಇನ್ನೊಂದು ತೂಕ.

ನೇತ್ರಾಣಿಯ ಕಡೆ ಮತ್ತೆ ನೋಡಿ. ನೌಕಾಪಡೆ ಈ ದ್ವೀಪವನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ್ದು ಎಲ್ಲರಿಗೂ ಗೊತ್ತು. ಅಲ್ಲಿನ ಹದ್ದುಗಳಿಗೆ ಏನಾಯಿತು ಎಂದು ಇವತ್ತು ಯಾರಾದರೂ ಕೇಳಬಹುದು. ಯಾಕೆಂದರೆ ಅಲ್ಲಿ ಹದ್ದುಗಳ ಗೂಡು ಇದ್ದವು ಎಂದು ನೂರೈವತ್ತು ವರ್ಷದ ಹಿಂದಿನ ಬರಹ ಇದೆ. ಬರಹ ಇಲ್ಲದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಬರೆದಿಡದ ಜೀವಿ ಕಾಣೆಯಾದರೆ ಅದು ಇತ್ತು ಎಂಬುದೂ ಕಾಣೆಯಾಗುತ್ತದೆ.

ಒಳ್ಳೆಯ ಉದಾಹರಣೆಯೂ ಇದೆ. ಅಘನಾಶಿನಿ ಅಳಿವೆಯ ಮೀನು, ಬಳಚು, ಕಾಂಡ್ಲಾ, ಹಕ್ಕಿಗಳ ಬಗ್ಗೆ ಸಂಶೋಧಕರು, ಊರವರು ಸೇರಿ ವರ್ಷಗಟ್ಟಲೆ ಮಾಹಿತಿ ಕೂಡಿಸಿದರು. 2024ರಲ್ಲಿ ಅದು ರಾಮ್ಸಾರ್ ತಾಣವಾಯಿತು, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಪಂಚಾಯಿತಿಯಲ್ಲಿ ಒಂದು ಪುಸ್ತಕ ಇರಬೇಕು

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ‘ಜನತಾ ಜೀವವೈವಿಧ್ಯ ದಾಖಲಾತಿ’ ಎಂಬ ಪುಸ್ತಕ ಇಡಬೇಕು. ಊರಿನ ಗಿಡ, ಹಕ್ಕಿ, ಮೀನು, ಪ್ರಾಣಿ, ಅವುಗಳ ಬಗ್ಗೆ ಊರವರಿಗೆ ಗೊತ್ತಿರುವ ಸಂಗತಿ ಅದರಲ್ಲಿ ಬರಬೇಕು. ಉತ್ತರ ಕನ್ನಡದಲ್ಲಿ ಹಳ್ಳಿ ಹಳ್ಳಿ ತಿರುಗಿ ಕೆಲಸ ಮಾಡಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇಂಥ ದಾಖಲೆಯ ಯೋಚನೆಯನ್ನು ಬೆಳೆಸಿದವರಲ್ಲಿ ಮುಂಚೂಣಿಯವರು. ಬುಕಾನನ್ ಕಾಲದಲ್ಲಿ ಊರವರು ಹೇಳಬೇಕು, ಹೊರಗಿನವನು ಬರೆಯಬೇಕು. ಈ ಕಾನೂನಿನಲ್ಲಿ ಊರವರೇ ಹೇಳಬಹುದು, ಊರವರೇ ಬರೆಯಬಹುದು.

ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ. ಅದರಲ್ಲಿ ಕಡಲಿನ ಪುಟ ಇದೆಯೇ ನೋಡಿ. ಅಡಿಕೆ, ಮಾವು, ನವಿಲು ಇದ್ದು, ಆಮೆ, ಡಾಲ್ಫಿನ್, ಕಡಲ ಹದ್ದು ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ಗ್ರಾಮಸಭೆಯಲ್ಲಿ ಮಾತೆತ್ತಿ.

ಅದಕ್ಕೆ ಬೇಕಾದದ್ದು ಹೆಚ್ಚಿಲ್ಲ. ಜೀವಿ ಕಂಡಾಗ ದಿನಾಂಕ, ಹೊತ್ತು, ದಡದ ಹೆಸರು, ಎಷ್ಟಿದ್ದವು, ಏನು ಮಾಡುತ್ತಿದ್ದವು ಎಂದು ಬರೆಯಿರಿ. ಮೊಬೈಲಿನ ಲೊಕೇಶನ್ ಆನ್ ಇಟ್ಟು ಫೋಟೋ ತೆಗೆಯಿರಿ. ಸತ್ತು ಬಿದ್ದ ಜೀವಿಯಾದರೆ ಪಕ್ಕದಲ್ಲಿ ಚಪ್ಪಲಿಯೋ ಕೋಲೋ ಇಟ್ಟು ತೆಗೆಯಿರಿ, ಉದ್ದ ಗೊತ್ತಾಗುತ್ತದೆ. ಆಮೆ ಮೊಟ್ಟೆ ಇಡುವಾಗ ಹತ್ತಿರ ಹೋಗಬೇಡಿ, ಟಾರ್ಚ್, ಫ್ಲಾಶ್ ಹಾಕಬೇಡಿ, ಮೊಟ್ಟೆ ಮುಟ್ಟಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬರೆದದ್ದರ ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಪಂಚಾಯಿತಿಯಲ್ಲಿ ಇರಲಿ. ಹ್ಯೂಮನ ಕಂತೆಗೆ ಆದ ಗತಿ ನಿಮ್ಮದಕ್ಕೆ ಬೇಡ.

ಇನ್ನೊಂದು ಕೆಲಸ ತುರ್ತಿನದು. ರಂಪಣಿ ಎಳೆದ ಕೈಗಳು ಈಗ ಎಪ್ಪತ್ತು, ಎಂಬತ್ತು ದಾಟಿವೆ. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಅಂಥ ಅಜ್ಜ ಇದ್ದರೆ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಯಾವ ದಡಕ್ಕೆ ಆಮೆ ಬರುತ್ತಿತ್ತು, ಯಾವ ಹಕ್ಕಿ ಬಂದರೆ ಬಂಗುಡೆ ಬಂತು ಎಂದು ತಿಳಿಯುತ್ತಿದ್ದರು, ಯಾವುದು ಈಗ ಕಾಣುವುದಿಲ್ಲ ಎಂದು ಕೇಳಿ. ಕೇಳಿದ ದಿನಾಂಕ, ಅವರ ಹೆಸರು ಬರೆಯಲು ಮರೆಯಬೇಡಿ. ಇನ್ನೂರು ವರ್ಷಗಳ ಈ ದಾಖಲೆಯಲ್ಲಿ ದೋಣಿಯವನ ಹೆಸರು ಒಮ್ಮೆಯಾದರೂ ಬರಲಿ.